ಉಸಿರಾಟದ ಯಂತ್ರದಲ್ಲಿರುವವರ ಬಾಯಿ ತೊಳೆಯುವವರು ಯಾರು?

ಬೆಳಗಿನ ಜಾವ ಎದ್ದು, ಹಲ್ಲುಜ್ಜಿ, ನಾಲಿಗೆ ಹೆರೆದು, ಬಾಯಿ ಮುಕ್ಕಳಿಸಿ, ಸ್ನಾನ ಮಾಡಿದ ನಂತರವೇ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ಕತ್ರಿಗುಪ್ಪೆಯಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನವರು ಈ ಕ್ರಮವನ್ನು ತಮ್ಮ ಎಪ್ಪತ್ತಾರನೆಯ ವಯಸ್ಸಿನವರೆಗೂ ಒಂದು ದಿನವಾದರೂ ತಪ್ಪಿಸಿದವರಲ್ಲ. ನಿವೃತ್ತ ಶಿಕ್ಷಕರಾದ ಅವರು ಚಳಿಯಿರಲಿ, ಜ್ವರವಿರಲಿ, ಬಾಯಿ ಶುಚಿಯಾಗದೆ ಒಂದು ಗುಟುಕು ನೀರನ್ನೂ ಕುಡಿದವರಲ್ಲ.

2024ರ ಡಿಸೆಂಬರಿನ ಒಂದು ರಾತ್ರಿ ಅವರ ಹಳೆಯ ದಮ್ಮು ಉಲ್ಬಣಿಸಿತು. ಸಮೀಪದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಅವರನ್ನು ಸೇರಿಸಬೇಕಾಯಿತು. ಬೆಳಗಾಗುವಷ್ಟರಲ್ಲಿ ಅವರ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆಯನ್ನಿಳಿಸಿ, ಕೃತಕ ಉಸಿರಾಟದ ಯಂತ್ರವಾದ ವೆಂಟಿಲೇಟರಿಗೆ ಜೋಡಿಸಲಾಗಿತ್ತು. ಅವರ ಕೊರಳಿನ ಕರಡಿಗೆಯನ್ನು ಶಿವದಾರಸಹಿತ ಬಿಚ್ಚಿ ದೊಡ್ಡಮ್ಮನವರ ಕೈಗೆ ಕೊಟ್ಟಿದ್ದರು. ದೊಡ್ಡಮ್ಮ ಅದನ್ನು ಎದೆಗೊತ್ತಿಕೊಂಡು ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದರು.

ಮೂರನೆಯ ದಿನ ಭೇಟಿಯ ವೇಳೆಯಲ್ಲಿ ಅವರು ಮನೆಯಿಂದ ಪುಟ್ಟ ಶೀಶೆಯೊಂದರಲ್ಲಿ ಪಾದೋದಕವನ್ನು ತಂದಿದ್ದರು. ದೊಡ್ಡಪ್ಪನವರ ತುಟಿ ಒಣಗಿ ಸಿಪ್ಪೆಯೆದ್ದಿತ್ತು. "ಒಂದೇ ಒಂದು ಹನಿ, ಸಿಸ್ಟರ್" ಎಂದು ಅವರು ಶೀಶೆಯ ಮುಚ್ಚಳ ತೆಗೆದಾಗ, ಅಲ್ಲಿದ್ದ ಚಿಕ್ಕ ವಯಸ್ಸಿನ ಶುಶ್ರೂಷಕಿ ಮೆಲ್ಲನೆ ಅವರ ಕೈ ಹಿಡಿದು, "ಬೇಡಿ ಅಮ್ಮಾ, ಅವರು ನುಂಗಲಾರರು. ಅದು ಹೊಟ್ಟೆಗೆ ಹೋಗುವುದಿಲ್ಲ, ಎದೆಗೆ ಇಳಿಯುತ್ತದೆ. ಬಾಯಿಯನ್ನು ನಾವು ಶುಚಿ ಮಾಡುತ್ತೇವೆ, ಅದಕ್ಕೆ ಬೇರೆ ಕ್ರಮವಿದೆ" ಎಂದರು. ದೊಡ್ಡಮ್ಮ ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದರು. ಅವರ ಮನಸ್ಸಿಗೆ ನೋವಾಗಿತ್ತು. ನಮಗಾದರೋ ಹಳೆಯ ನೋವೊಂದು ಮರುಕಳಿಸಿತು.

2009ರಲ್ಲಿ ನಮ್ಮ ತಂದೆಯವರು ಇದೇ ಸ್ಥಿತಿಯಲ್ಲಿದ್ದಾಗ, ಯಾರೂ ನೋಡದ ವೇಳೆಯಲ್ಲಿ, ಒಂದು ಚಮಚ ತೀರ್ಥವನ್ನು ಅವರ ಬಾಯಿಗೆ ನಾವೇ ಹಾಕಿದ್ದೆವು. ಎರಡು ದಿನಗಳಲ್ಲಿ ಅವರಿಗೆ ಜ್ವರ ಬಂತು, ಶ್ವಾಸಕೋಶದಲ್ಲಿ ಸೋಂಕು ಎಂದರು, ವಾರದೊಳಗೆ ಲಿಂಗೈಕ್ಯರಾದರು. ಆ ಒಂದು ಚಮಚವೇ ಕಾರಣವೆಂದು ಯಾವ ವೈದ್ಯರೂ ಹೇಳಲಿಲ್ಲ, ಹೇಳಲು ಸಾಧ್ಯವೂ ಇಲ್ಲ. ಆದರೆ ಅಲ್ಲವೆಂದು ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳಲೂ ಆಗಲಿಲ್ಲ. ಭಕ್ತಿಯಿಂದ ಮಾಡಿದ ಆ ಕೆಲಸದಲ್ಲಿ ಅಜ್ಞಾನವಿತ್ತು. ಅಂಥ ಅಜ್ಞಾನ ಇನ್ನೊಂದು ಮನೆಯನ್ನು ಕಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಯಂತ್ರ ಬಂದ ಬಗೆ

1952ರ ಬೇಸಿಗೆಯ ಕೊನೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಮಾರಿ ಹರಡಿತು. ಉಸಿರಾಟದ ಸ್ನಾಯುಗಳು ಸೋತ ಮಕ್ಕಳೂ ತರುಣರೂ ಬ್ಲೆಗ್‌ಡ್ಯಾಮ್ ಆಸ್ಪತ್ರೆಗೆ ದಿನನಿತ್ಯ ಬಂದು ಸೇರಿದರು. ಮೊದಲ ಕೆಲವು ವಾರಗಳಲ್ಲಿ ಇಂಥ 31 ರೋಗಿಗಳಲ್ಲಿ 27 ಮಂದಿ ಅಸುನೀಗಿದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ನಳಿಕೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬುವ ಉಪಾಯವನ್ನು ಆರಂಭಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿ ರೋಗಿಗಳ ಉಸಿರನ್ನು ಉಳಿಸಿದರು. ಸಾವಿನ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅಲ್ಲಿದೆ. ಆ ಕೈಗಳ ಕೆಲಸವನ್ನು ಕ್ರಮೇಣ ಯಂತ್ರ ವಹಿಸಿಕೊಂಡಿತು.

ನಮ್ಮ ನಾಡಿಗೂ ಈ ಯಂತ್ರ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಗಳ ಕಾಯಿಲೆಯಿಂದ ಉಸಿರಾಟ ಸೋತ ರೋಗಿಗಳು ವಾರಗಟ್ಟಲೆ ಅದರ ಆಶ್ರಯದಲ್ಲಿದ್ದು ಚೇತರಿಸಿಕೊಂಡು ನಡೆದುಹೋದದ್ದುಂಟು. 2020ರಲ್ಲಿ ಕೊರೋನಾ ಪಿಡುಗು ಬಂದಾಗ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಕೇಂದ್ರ ಸರ್ಕಾರಕ್ಕಾಗಿ 30,000 ವೆಂಟಿಲೇಟರುಗಳನ್ನು ತಯಾರಿಸಿಕೊಟ್ಟಿತು. ಹಿಂದೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತಿದ್ದ ಯಂತ್ರ ಇಂದು ಬಡಾವಣೆಯ ಆಸ್ಪತ್ರೆಗಳಲ್ಲಿಯೂ ಇದೆ. ಯಂತ್ರ ಬಂದಿತು; ಆದರೆ ಯಂತ್ರಕ್ಕೆ ಕಚ್ಚಿಕೊಂಡಿರುವ ಬಾಯಿಯ ಚಿಂತೆ ಅಷ್ಟೇ ವೇಗದಲ್ಲಿ ನಮ್ಮ ಮನೆಗಳನ್ನು ತಲುಪಲಿಲ್ಲ.

ಬಾಯಿಯಿಂದ ಎದೆಗೆ

ಆರೋಗ್ಯವಂತರ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಉತ್ಪತ್ತಿಯಾಗುತ್ತದೆ. ಅದು ಹಲ್ಲು, ಒಸಡು, ನಾಲಿಗೆಗಳನ್ನು ತೊಳೆಯುತ್ತ ಗಂಟಲಿಗಿಳಿಯುತ್ತದೆ. ನಾವು ಅರಿಯದೆಯೇ ಅದನ್ನು ನುಂಗುತ್ತಿರುತ್ತೇವೆ. ನುಂಗುವಾಗ ಶ್ವಾಸನಾಳದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ತಪ್ಪಿ ಒಂದು ಹನಿ ಅತ್ತ ಹೋದರೆ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ.

ಬಾಯಿಯಲ್ಲಿ ನಳಿಕೆಯಿರುವವರಿಗೆ ಈ ಮೂರು ರಕ್ಷಣೆಗಳೂ ಇಲ್ಲವಾಗುತ್ತವೆ. ಬಾಯಿ ಸದಾ ತೆರೆದಿರುವುದರಿಂದಲೂ ಹಲವು ಔಷಧಿಗಳ ಪರಿಣಾಮದಿಂದಲೂ ಅದು ಒಣಗುತ್ತದೆ. ನುಂಗುವ ಶಕ್ತಿ ಇರುವುದಿಲ್ಲ. ನಿದ್ರೆಯ ಔಷಧಿಯಿಂದ ಕೆಮ್ಮು ಮಂದವಾಗಿರುತ್ತದೆ. ನಳಿಕೆಯು ಧ್ವನಿಪೆಟ್ಟಿಗೆಯ ನಡುವೆ ಹಾದುಹೋಗುವುದರಿಂದ ಶ್ವಾಸನಾಳದ ಬಾಗಿಲು ಹಗಲಿರುಳು ತೆರೆದೇ ಇರುತ್ತದೆ.

ಶ್ವಾಸನಾಳದೊಳಗೆ, ನಳಿಕೆಯ ತುದಿಗೆ ಸಮೀಪದಲ್ಲಿ, ಗಾಳಿ ತುಂಬಿದ ಪುಟ್ಟ ಬಲೂನೊಂದಿರುತ್ತದೆ. ಯಂತ್ರದ ಗಾಳಿ ಹಿಂದಕ್ಕೆ ಸೋರದಂತೆ ಅದು ತಡೆಯುತ್ತದೆ. ಬಾಯಿಂದ ಇಳಿದ ಜೊಲ್ಲು ಈ ಬಲೂನಿನ ಮೇಲೆ ಕಟ್ಟೆಯ ನೀರಿನಂತೆ ನಿಲ್ಲುತ್ತದೆ. ಬಲೂನು ಎಷ್ಟೇ ಸರಿಯಾಗಿ ಉಬ್ಬಿದ್ದರೂ ಅದರ ಸೂಕ್ಷ್ಮ ಮಡಿಕೆಗಳ ಸಂದಿನಿಂದ ಹನಿಹನಿಯಾಗಿ ಕೆಳಗೆ ಜಿನುಗುತ್ತದೆ. ಬಾಯಿ ಕೊಳೆಯಾಗಿದ್ದರೆ ಜಿನುಗುವ ಹನಿಯೂ ಕೊಳೆಯೇ. ನಾವು ಹಾಕುವ ತೀರ್ಥ, ಎಳನೀರು, ಹಾಲು ಎಲ್ಲವೂ ಇದೇ ಕಟ್ಟೆಗೆ ಬಂದು ನಿಂತು, ಬಾಯಿಯ ರೋಗಾಣುಗಳನ್ನು ತಮ್ಮೊಡನೆ ಕರೆದೊಯ್ಯುತ್ತವೆ.

ಹಲ್ಲಿನ ಮೇಲೆ ಪಾಚಿಯಂತೆ ಕಟ್ಟುವ ತೆಳುಪದರವೇ ಈ ರೋಗಾಣುಗಳ ಬೀಡು. ಆಸ್ಪತ್ರೆ ಸೇರಿದ ಎರಡು ದಿನಗಳಲ್ಲಿಯೇ ತೀವ್ರ ಅಸ್ವಸ್ಥರ ಬಾಯಿಯಲ್ಲಿ ಸಾಧಾರಣ ಸೂಕ್ಷ್ಮಜೀವಿಗಳ ಸ್ಥಾನವನ್ನು ಅಪಾಯಕಾರಿಯಾದವು ಆಕ್ರಮಿಸತೊಡಗುತ್ತವೆ. 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಹಲ್ಲಿನ ಚಿಕಿತ್ಸೆಗೆಂದು ಬಂದ ಹೊರರೋಗಿಗಳನ್ನೂ ತೀವ್ರ ನಿಗಾ ಘಟಕದ ರೋಗಿಗಳನ್ನೂ ಹೋಲಿಸಿತು. ಶ್ವಾಸಕೋಶಕ್ಕೆ ಸೋಂಕು ತರಬಲ್ಲ ರೋಗಾಣುಗಳು ಹೊರರೋಗಿಗಳಲ್ಲಿ ನೂರಕ್ಕೆ 16 ಮಂದಿಯ ಬಾಯಿಯಲ್ಲಿದ್ದರೆ, ತೀವ್ರ ಅಸ್ವಸ್ಥರಲ್ಲಿ ನೂರಕ್ಕೆ 65 ಮಂದಿಯ ಬಾಯಿಯಲ್ಲಿದ್ದವು. ಯಂತ್ರಕ್ಕೆ ಜೋಡಿಸಿ 48 ಗಂಟೆಗಳಾದ ಮೇಲೆ ತಲೆದೋರುವ ನ್ಯುಮೋನಿಯಾವನ್ನು ವೈದ್ಯರು ಪ್ರತ್ಯೇಕ ಹೆಸರಿನಿಂದಲೇ ಗುರುತಿಸುತ್ತಾರೆ. ಮೂಲ ಕಾಯಿಲೆಯನ್ನು ಗೆದ್ದ ರೋಗಿ ಈ ಎರಡನೆಯ ಕಾಯಿಲೆಗೆ ಸೋಲುವುದುಂಟು.

ಔಷಧಿಯೋ, ಬ್ರಷ್ಷೋ?

ಬಾಯಿಯನ್ನು ಯಾವುದರಿಂದ ಶುಚಿ ಮಾಡಬೇಕೆಂಬ ವಿಷಯದಲ್ಲಿ ವೈದ್ಯಲೋಕದ ಅಭಿಪ್ರಾಯ ಮೂರು ದಶಕಗಳಲ್ಲಿ ಬಹಳ ಬದಲಾಗಿದೆ. ಹಿಂದೆ ಗ್ಲಿಸರಿನ್ ಮತ್ತು ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದರು. ಅದು ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ, ಹುಳಿಯಿಂದ ಹಲ್ಲಿನ ಹೊಳಪು ಸವೆಯುತ್ತದೆ ಎಂದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು.

ಆಮೇಲೆ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದ ಕಾಲ ಬಂದಿತು. ಹೃದಯದ ಶಸ್ತ್ರಚಿಕಿತ್ಸೆಗೊಳಗಾದವರಲ್ಲಿ ಇದರಿಂದ ಶ್ವಾಸಕೋಶದ ಸೋಂಕು ಕಡಿಮೆಯಾಯಿತೆಂದು 1996ರಲ್ಲಿ ವರದಿಯಾದ ಬಳಿಕ ಜಗತ್ತಿನಾದ್ಯಂತ ಅದು ರೂಢಿಗೆ ಬಂತು. ಆದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2014ರ ವಿಶ್ಲೇಷಣೆಯಲ್ಲಿ, ಇತರ ರೋಗಿಗಳಿಗೆ ಅದರಿಂದ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಸಾವಿನ ಸಂಭವ ತುಸು ಹೆಚ್ಚಬಹುದೆಂಬ ಶಂಕೆಯೂ ಮೂಡಿತು. 2022ರ ಅಮೆರಿಕದ ಮಾರ್ಗಸೂಚಿಯು ವೆಂಟಿಲೇಟರಿನಲ್ಲಿರುವವರ ಬಾಯಿಗೆ ಈ ದ್ರಾವಣವನ್ನು ಸಾಮಾನ್ಯವಾಗಿ ಬಳಸಬೇಕಿಲ್ಲವೆಂದೂ, ಬ್ರಷ್ಷಿನಿಂದ ಹಲ್ಲುಜ್ಜುವುದು ಅವಶ್ಯವೆಂದೂ ಹೇಳಿತು.

2023ರ ಕೊನೆಯಲ್ಲಿ ಬಾಸ್ಟನ್ನಿನ ಸಂಶೋಧಕರು 15 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿ ಪ್ರಕಟಿಸಿದರು. ದಿನವೂ ಹಲ್ಲುಜ್ಜಿಸಿಕೊಂಡ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾದ ಸಂಭವ ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು. ಈ ಲಾಭ ಮುಖ್ಯವಾಗಿ ಕಂಡದ್ದು ವೆಂಟಿಲೇಟರಿನಲ್ಲಿದ್ದವರಲ್ಲಿಯೇ. ಹಲ್ಲುಜ್ಜಿಸಿಕೊಂಡವರಲ್ಲಿ ಯಂತ್ರದ ಮೇಲಿನ ದಿನಗಳೂ ತೀವ್ರ ನಿಗಾ ಘಟಕದಲ್ಲಿನ ಸಾವುಗಳೂ ಕಡಿಮೆಯಾಗಿದ್ದವು. ದಿನಕ್ಕೆ ಎರಡು ಬಾರಿ ಉಜ್ಜಿದರೂ ಮೂರು ಬಾರಿ ಉಜ್ಜಿದರೂ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ದ್ರಾವಣ ಪಾಚಿಯ ಮೇಲೆ ಹರಿದುಹೋಗುತ್ತದೆ. ಬ್ರಷ್ಷು ಅದನ್ನು ಕಿತ್ತು ತೆಗೆಯುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಪಕ್ಕದಲ್ಲಿ ಕೆಲವೇ ರೂಪಾಯಿಗಳ ಬ್ರಷ್ಷು ಇಷ್ಟು ಕೆಲಸ ಮಾಡುತ್ತದೆಂಬುದು ಯೋಚಿಸತಕ್ಕ ಸಂಗತಿ.

ಶುಶ್ರೂಷಕಿಯರ ಕಾಯಕ

ಇದು ನೋಡುವಷ್ಟು ಸುಲಭದ ಕೆಲಸವಲ್ಲ. ದೊಡ್ಡಮ್ಮನವರ ಕಳವಳವನ್ನು ಕಂಡು ಆ ಶುಶ್ರೂಷಕಿ ಮರುದಿನ ತಮ್ಮ ಕೆಲಸವನ್ನು ದೂರದಿಂದ ನೋಡಲು ಅವರಿಗೆ ಅವಕಾಶ ಮಾಡಿಕೊಟ್ಟರು. ಜೊತೆಯಲ್ಲಿ ನಾವೂ ಇದ್ದೆವು.

ಮೊದಲಿಗೆ ಹಾಸಿಗೆಯ ತಲೆಭಾಗ ಎತ್ತರಿಸಿದೆಯೇ ಎಂದು ನೋಡಿದರು. ಬೇರೆ ಅಡ್ಡಿಯಿಲ್ಲದಿದ್ದರೆ ಅದು 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕಂತೆ. ನಳಿಕೆಯ ಬಲೂನಿನ ಒತ್ತಡವನ್ನು ಪುಟ್ಟ ಮಾಪಕದಿಂದ ಅಳೆದರು. ಅದು ನೀರಿನ ಮಟ್ಟದ ಲೆಕ್ಕದಲ್ಲಿ 20ರಿಂದ 30 ಸೆಂಟಿಮೀಟರಿನೊಳಗೆ ಇರತಕ್ಕದ್ದು. ಕಡಿಮೆಯಾದರೆ ಜೊಲ್ಲು ಸೋರುತ್ತದೆ, ಹೆಚ್ಚಾದರೆ ಶ್ವಾಸನಾಳದ ಗೋಡೆ ನಲುಗುತ್ತದೆ. ಒಬ್ಬರು ನಳಿಕೆ ಕದಲದಂತೆ ಹಿಡಿದುಕೊಂಡರು. ಇನ್ನೊಬ್ಬರು, "ತಾತಾ, ಹಲ್ಲುಜ್ಜುತ್ತೇನೆ" ಎಂದು ಹೇಳಿ, ಮಕ್ಕಳು ಬಳಸುವಂಥ ಮೃದುವಾದ ಪುಟ್ಟ ಬ್ರಷ್ಷನ್ನು ತುಸುವೇ ನೀರಿನಲ್ಲಿ ಅದ್ದಿ ಹಲ್ಲಿನ ಒಳಗೂ ಹೊರಗೂ, ಒಸಡಿನ ಅಂಚಿಗೂ, ನಾಲಿಗೆಗೂ ಮೆಲ್ಲನೆ ಆಡಿಸಿದರು. ಅದರ ಜೊತೆಯಲ್ಲೇ ಸಕ್ಷನ್ ಕೊಳವೆ ಬಾಯಿಯ ನೀರನ್ನೆಲ್ಲ ಹೀರುತ್ತಿತ್ತು; ಒಂದು ಹನಿಯೂ ಹಿಂದಕ್ಕೆ ಇಳಿಯಲು ಬಿಡಲಿಲ್ಲ. ಆಮೇಲೆ ತುಟಿಗೆ ತೇವ ಉಳಿಸುವ ಲೇಪ ಹಚ್ಚಿದರು. ನಳಿಕೆ ಒಂದೇ ಕಡೆ ಒತ್ತಿ ಹುಣ್ಣಾಗದಂತೆ ಬಾಯಿಯ ಇನ್ನೊಂದು ಮಗ್ಗುಲಿಗೆ ಎಚ್ಚರಿಕೆಯಿಂದ ಸರಿಸಿ ಕಟ್ಟಿದರು. ಕೊನೆಯಲ್ಲಿ ವೇಳೆಯನ್ನು ಪುಸ್ತಕದಲ್ಲಿ ಬರೆದರು.

ಪ್ರಜ್ಞೆ ಇಲ್ಲವೆಂದು ನಾವು ತಿಳಿದಿದ್ದ ದೊಡ್ಡಪ್ಪನವರ ಹುಬ್ಬು ಸಡಿಲವಾದುದನ್ನು ದೊಡ್ಡಮ್ಮ ನೋಡಿದರು. ಬಾಯಾರಿಕೆ ಮತ್ತು ಬಾಯಿ ಒಣಗುವುದು ಇಂಥ ರೋಗಿಗಳು ಅನುಭವಿಸುವ ತೀವ್ರ ಸಂಕಟಗಳಲ್ಲಿ ಸೇರಿವೆ. ಅದನ್ನು ಹೇಳಿಕೊಳ್ಳಲು ಅವರಿಗೆ ಮಾತಿಲ್ಲ, ಅಷ್ಟೆ. ದಿನಕ್ಕೆ ಹಲವು ಸಲ, ಯಾರ ಹೊಗಳಿಕೆಯೂ ಇಲ್ಲದೆ, ಅನ್ಯರ ಬಾಯಿಯನ್ನು ತೊಳೆಯುವ ಈ ಕೆಲಸಕ್ಕೆ ಕಾಯಕವೆಂಬ ಹೆಸರು ಸಲ್ಲದಿದ್ದರೆ ಇನ್ನಾವುದಕ್ಕೆ ಸಲ್ಲಬೇಕು?

ಮನೆಯವರ ಪಾಲಿನ ಕರ್ತವ್ಯ

ಈ ಕೆಲಸವನ್ನು ಮನೆಯವರು ತಾವಾಗಿ ಮಾಡಬಾರದು. ನಳಿಕೆ ಒಂದಿಷ್ಟು ಕದಲಿದರೂ ಪ್ರಾಣಾಪಾಯ. ಆದರೆ ಮನೆಯವರು ಮಾಡಬೇಕಾದ ಕೆಲಸಗಳೂ ಇವೆ.

ಮೊದಲನೆಯದು, ರೋಗಿಯ ಬಾಯಿಯ ವಿವರವನ್ನು ಮೊದಲ ದಿನವೇ ತಿಳಿಸುವುದು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದೆಯೇ, ಅಲುಗಾಡುವ ಹಲ್ಲಿದೆಯೇ, ಒಸಡಿನಿಂದ ರಕ್ತ ಬರುತ್ತಿತ್ತೇ, ಎಲೆಯಡಿಕೆ ಹೊಗೆಸೊಪ್ಪಿನ ಅಭ್ಯಾಸವಿತ್ತೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೇ ಎಂಬುದು ಮನೆಯವರಿಗಲ್ಲದೆ ಬೇರಾರಿಗೂ ಗೊತ್ತಿರುವುದಿಲ್ಲ. ತೆಗೆದಿಟ್ಟ ಹಲ್ಲಿನ ಸೆಟ್ಟನ್ನು ಹೆಸರು ಬರೆದ ಡಬ್ಬಿಯಲ್ಲಿಟ್ಟು ಮನೆಗೆ ತರಬೇಕು.

ಎರಡನೆಯದು, ವಿನಯದಿಂದ ಕೇಳುವುದು. "ಇಂದು ಇವರ ಹಲ್ಲುಜ್ಜಿದಿರಾ? ಬ್ರಷ್ಷು ತಂದುಕೊಡಬೇಕೇ? ಬಾಯಲ್ಲಿ ಹುಣ್ಣೇನಾದರೂ ಇದೆಯೇ?" ಈ ಮೂರು ಪ್ರಶ್ನೆಗಳು ಸಾಕು. ಜ್ವರ, ರಕ್ತದೊತ್ತಡ, ಬಿಲ್ಲುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾಯಿಯ ಬಗ್ಗೆ ಕೇಳುವವರು ವಿರಳ. ಹುಣ್ಣು, ಒಸಡಿನ ಕೀವು ಕಂಡರೆ ದಂತವೈದ್ಯರ ಸಲಹೆ ಪಡೆಯಬಹುದೇ ಎಂದೂ ವಿಚಾರಿಸಬಹುದು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಿಂದಲೂ ಇದೆ. ಕತ್ರಿಗುಪ್ಪೆಗೆ ದೂರವಲ್ಲದ ಜೆ.ಪಿ. ನಗರದಲ್ಲಿ ಆರ್.ವಿ. ದಂತವೈದ್ಯಕೀಯ ಕಾಲೇಜು ಇದೆ. ದಾವಣಗೆರೆಯ ಬಾಪೂಜಿ, ಮೈಸೂರಿನ ಜೆ.ಎಸ್.ಎಸ್., ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಗಳ ದಂತವೈದ್ಯಕೀಯ ಕಾಲೇಜುಗಳೂ ಇವೆ. ದಂತವೈದ್ಯರಿಗೆ ಕೊರತೆಯಿಲ್ಲದ ನಾಡಿನಲ್ಲಿ ಅವರು ತೀವ್ರ ಅಸ್ವಸ್ಥರ ಹಾಸಿಗೆಯ ಬಳಿಗೂ ಬರುವ ಪದ್ಧತಿ ಬೆಳೆಯಲಿ ಎಂಬುದು ನಮ್ಮ ಆಶಯ.

ಮೂರನೆಯದು ಮತ್ತು ಮುಖ್ಯವಾದದ್ದು, ಬಾಯಿಗೆ ಏನನ್ನೂ ಹಾಕದಿರುವುದು. ತೀರ್ಥ, ಪ್ರಸಾದ, ಜೇನು, ಎಳನೀರು, ಯಾವುದೂ ಸಲ್ಲದು. ಪಾದೋದಕದ ಫಲವಿರುವುದು ಭಾವದಲ್ಲಿ. ಗಂಟಲಿಗಿಳಿಯುವ ಹನಿಯ ಲೆಕ್ಕದಲ್ಲಲ್ಲ. ದೊಡ್ಡಮ್ಮನವರು ಅದಕ್ಕೆ ತಾವೇ ದಾರಿ ಕಂಡುಕೊಂಡರು. ದಿನವೂ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಪತಿಯ ಹೆಸರಿನಲ್ಲಿ ಪಾದೋದಕವನ್ನು ತಾವೇ ಸ್ವೀಕರಿಸಿ, ಆಸ್ಪತ್ರೆಗೆ ಬಂದು ಕೈ ತೊಳೆದು, ಸಿಸ್ಟರ್ ಅನುಮತಿ ಪಡೆದು ಅವರ ಹಣೆಗೆ ಬೆರಳ ತುದಿಯಿಂದ ವಿಭೂತಿಯಿಟ್ಟು ಬರುತ್ತಿದ್ದರು. ಯಾರಿಗೂ ಅಡ್ಡಿಯಾಗಲಿಲ್ಲ, ಅವರ ಮನಸ್ಸಿಗೂ ಕೊರತೆಯಾಗಲಿಲ್ಲ.

ಮನೆಗೆ ಮರಳಿದ ಮೇಲೆ

ಹನ್ನೊಂದನೆಯ ದಿನ ದೊಡ್ಡಪ್ಪನವರನ್ನು ಯಂತ್ರದಿಂದ ಬಿಡಿಸಿದರು. ಮನೆಗೆ ಬಂದ ಮೇಲೂ ಎರಡು ತಿಂಗಳು ಹಾಸಿಗೆಯಲ್ಲೇ ಇದ್ದರು. ಶುಶ್ರೂಷೆ ಅಲ್ಲಿಗೆ ಮುಗಿಯಲಿಲ್ಲ. ಪಾರ್ಶ್ವವಾಯು, ಮುಪ್ಪು, ಮರೆವಿನಿಂದ ಹಾಸಿಗೆ ಹಿಡಿದವರಲ್ಲಿಯೂ ಬಾಯಿಯ ಕೊಳೆ ಎದೆಗಿಳಿಯುವ ಅಪಾಯವಿದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 2002ರಲ್ಲಿ ವಿವರವಾಗಿ ಪ್ರಕಟವಾದ ಅಧ್ಯಯನದಲ್ಲಿ, ಊಟದ ನಂತರ ಸಿಬ್ಬಂದಿ ಹಲ್ಲುಜ್ಜಿಸಿದ ವೃದ್ಧರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದರೆ, ಅಂಥ ಆರೈಕೆಯಿಲ್ಲದವರಲ್ಲಿ ನೂರಕ್ಕೆ 19 ಮಂದಿಗೆ ಬಂದಿತ್ತು. ಹಲ್ಲಿಲ್ಲದವರಿಗೂ ಈ ಆರೈಕೆಯಿಂದ ಪ್ರಯೋಜನವಾಗಿತ್ತು.

ಮನೆಯಲ್ಲಿ ಈ ಕೆಲಸ ಯಾರಾದರೂ ಕಲಿಯಬಹುದು. ಹಿರಿಯರನ್ನು ದಿಂಬಿಗೊರಗಿಸಿ ಕೂರಿಸಬೇಕು. ಕೂರಲಾಗದಿದ್ದರೆ ಮಗ್ಗುಲಾಗಿಸಿ ಕೆನ್ನೆಯ ಕೆಳಗೆ ಬಟ್ಟೆಯಿಡಬೇಕು. ಮೃದುವಾದ ಬ್ರಷ್ಷಿನಿಂದ, ಕಡಲೆಕಾಳಿಗಿಂತ ಹೆಚ್ಚಿಲ್ಲದ ಪೇಸ್ಟಿನಿಂದ, ಬೆಳಿಗ್ಗೆಯೂ ರಾತ್ರಿಯೂ ಉಜ್ಜಬೇಕು. ಬಾಯಿಗೆ ನೀರು ಸುರಿಯದೆ ಒದ್ದೆ ಬಟ್ಟೆಯಿಂದ ನೊರೆಯನ್ನು ಒರೆಸಿ ತೆಗೆಯಬೇಕು. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಅವರನ್ನು ಮಲಗಿಸದಿರುವುದು ಒಳ್ಳೆಯದು. ಕುತ್ತಿಗೆಯಲ್ಲಿ ನಳಿಕೆಯಿಟ್ಟು ಮನೆಗೆ ಕಳುಹಿಸಿದ್ದರೆ ಮಾತ್ರ ಈ ಕ್ರಮವನ್ನು ಆಸ್ಪತ್ರೆಯಲ್ಲೇ ಕೈಹಿಡಿದು ಕಲಿತುಕೊಂಡು ಬರಬೇಕು.

ಈ ಕೆಲಸವನ್ನು ಸೊಸೆಯಂದಿರ ಪಾಲಿಗೇ ಬಿಡದೆ ಗಂಡುಮಕ್ಕಳೂ ಮೊಮ್ಮಕ್ಕಳೂ ಹಂಚಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಎಳವೆಯಲ್ಲಿ ನಮ್ಮ ಬಾಯಿ ತೊಳೆದವರು ಅವರೇ. ಕತ್ರಿಗುಪ್ಪೆಯ ಆ ಮನೆಯಲ್ಲಿ ಬೆಳಗಿನ ಸರದಿಯನ್ನು ಕಾಲೇಜಿಗೆ ಹೋಗುವ ಮೊಮ್ಮಗ ವಹಿಸಿಕೊಂಡಿದ್ದ. ದೊಡ್ಡಪ್ಪನವರು ಕೈ ನಡುಗಿದರೂ ತಮ್ಮ ಬ್ರಷ್ಷನ್ನು ತಾವೇ ಹಿಡಿದ ದಿನ, ದೊಡ್ಡಮ್ಮ ಕರಡಿಗೆಯನ್ನು ಅವರ ಕೊರಳಿಗೆ ಮತ್ತೆ ಕಟ್ಟಿದರು.

ನಮ್ಮ ತಂದೆಯವರಿಗಾಗಿ ನಾವು ಮಾಡಲಾಗದ್ದನ್ನು ಓದುಗ ಬಂಧುಗಳು ತಮ್ಮ ಹಿರಿಯರಿಗಾಗಿ ಮಾಡಲಿ. ನಳಿಕೆ ಕಚ್ಚಿದ ಬಾಯಿಗೆ ಒಂದು ಹನಿಯನ್ನೂ ಹಾಕದಿರಲಿ. ಆ ಬಾಯಿ ಇಂದು ಶುಚಿಯಾಯಿತೇ ಎಂದು ದಿನವೂ ಕೇಳಲಿ.